ಕಟ್ಟಿದ ಪಿತ್ತನಾಳ, ಕುಗ್ಗಿದ ರಕ್ಷಣೆ

ಕಾಮಾಲೆ ನಮ್ಮಲ್ಲಿ ಎಲ್ಲರೂ ಬಲ್ಲ ಕಾಯಿಲೆ. ಕಣ್ಣು ಹಳದಿಯಾಯಿತು, ಊಟ ಸೇರುತ್ತಿಲ್ಲ ಎಂದ ಕೂಡಲೇ ಮನೆಯ ಹಿರಿಯರು ನೆಲನೆಲ್ಲಿಯ ಹೆಸರು ಹೇಳುತ್ತಾರೆ. ಎಣ್ಣೆ, ಉಪ್ಪು ಬಿಡಿಸಿ ಮಜ್ಜಿಗೆ ಅನ್ನದ ಪಥ್ಯ ಹಿಡಿಸುತ್ತಾರೆ. ಕುಡಿಯುವ ನೀರಿನಿಂದ, ಆಹಾರದಿಂದ ಹರಡುವ ವೈರಸ್ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಕೊಟ್ಟ ಔಷಧಿಯಿಂದಲೇ ವಾಸಿಯಾಯಿತು ಎಂದು ಜನ ನಂಬುವುದು ಸಹಜ. ಇಂದು ನಾನು ಮಾತನಾಡಲು ಬಂದಿರುವುದು ಇನ್ನೊಂದು ಬಗೆಯ ಕಾಮಾಲೆಯ ಬಗ್ಗೆ. ಅದರಲ್ಲಿ ಯಕೃತ್ತು ಪಿತ್ತರಸವನ್ನು ತಯಾರಿಸುತ್ತಲೇ ಇರುತ್ತದೆ, ಆದರೆ ಆ ರಸ ಕರುಳಿಗೆ ಇಳಿಯುವ ದಾರಿ ಕಟ್ಟಿರುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಅಬ್ಸ್ಟ್ರಕ್ಟಿವ್ ಜಾಂಡಿಸ್ ಎನ್ನುತ್ತೇವೆ. ಇಂದಿನ ಮಾತಿನಲ್ಲಿ ತಡೆ ಕಾಮಾಲೆ ಎಂದು ಕರೆಯುತ್ತೇನೆ.

ತಡೆ ಕಾಮಾಲೆಯವರಲ್ಲಿ ಬಹಳ ಮಂದಿಗೆ ಎಂಡೋಸ್ಕೋಪಿ ಚಿಕಿತ್ಸೆಯೋ ಶಸ್ತ್ರಚಿಕಿತ್ಸೆಯೋ ಬೇಕಾಗುತ್ತದೆ. ಆಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ಡಾಕ್ಟ್ರೇ, ಹಳದಿ ಯಾವಾಗ ಇಳಿಯುತ್ತೆ?" ಶಸ್ತ್ರವೈದ್ಯರ ಮನಸ್ಸಿನಲ್ಲಿ ಆ ಹೊತ್ತಿಗೆ ಇರುವ ಪ್ರಶ್ನೆ ಬೇರೆ: ಸೋಂಕನ್ನು ಎದುರಿಸುವ ಶಕ್ತಿ ಈ ದೇಹದಲ್ಲಿ ಎಷ್ಟು ಉಳಿದಿದೆ? ಹಳದಿ ಇಳಿಯುವುದೂ ಶಕ್ತಿ ಮರಳುವುದೂ ಒಂದೇ ಅಲ್ಲ, ಒಟ್ಟಿಗೆ ನಡೆಯುವುದೂ ಇಲ್ಲ. ಇದನ್ನು ರೋಗಿಯ ಮನೆಯವರು ಅರಿತುಕೊಂಡರೆ ಶಸ್ತ್ರಚಿಕಿತ್ಸೆಯ ಅಪಾಯವನ್ನು ತಗ್ಗಿಸುವುದರಲ್ಲಿ ಅವರೂ ಪಾಲುದಾರರಾಗಬಹುದು. ಅದಕ್ಕಾಗಿಯೇ ಈ ಮಾತು.

ಮೊದಲು ಪಿತ್ತರಸದ ಕಥೆ. ನಮ್ಮ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಅವುಗಳ ಹೀಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಹೀರಿಕೊಂಡು, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸದ ಜೊತೆ ಹೊರಕ್ಕೆ ಕಳಿಸುತ್ತದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಾಗುತ್ತದೆ. ಇಷ್ಟೂ ರಸ ಕರುಳು ಸೇರುವುದು ಸುಮಾರು 6 ಮಿಲಿಮೀಟರ್ ಅಗಲದ ಒಂದು ನಾಳದ ಮೂಲಕ. ಆ ನಾಳ ಮೇದೋಜ್ಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ, ತಲೆಯ ಭಾಗವನ್ನು ಹಾದು ಸಣ್ಣಕರುಳಿನ ಮೊದಲ ಭಾಗಕ್ಕೆ ತೆರೆದುಕೊಳ್ಳುತ್ತದೆ. ಪಿತ್ತಕೋಶದಿಂದ ಜಾರಿ ಬಂದ ಕಲ್ಲು ಅಲ್ಲಿ ಸಿಕ್ಕಿಕೊಳ್ಳಬಹುದು. ಪ್ಯಾಂಕ್ರಿಯಾಸಿನ ತಲೆಯಲ್ಲಿ, ಪಿತ್ತನಾಳದಲ್ಲಿ, ಪಿತ್ತಕೋಶದಲ್ಲಿ ಅಥವಾ ನಾಳದ ಬಾಯಲ್ಲಿ ಗಡ್ಡೆ ಬೆಳೆದು ದಾರಿ ಮುಚ್ಚಬಹುದು. ಹಿಂದಿನ ಶಸ್ತ್ರಚಿಕಿತ್ಸೆಯ ಗಾಯ ಮಾಗುವಾಗ ನಾಳ ಸಂಕುಚಿತವಾಗಬಹುದು.

ದಾರಿ ಕಟ್ಟಿದಾಗ ಬಿಲಿರುಬಿನ್ ರಕ್ತಕ್ಕೆ ಮರಳುತ್ತದೆ. ಆರೋಗ್ಯವಂತರ ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಮಿನ ಒಳಗಿರುತ್ತದೆ. 2ರಿಂದ 3 ದಾಟಿದಾಗ ಕಣ್ಣಿನ ಬಿಳಿ ಭಾಗ ಹಳದಿಯಾಗಿ ಕಾಣುತ್ತದೆ. ದಾರಿ ಪೂರ್ತಿ ಕಟ್ಟಿದ ರೋಗಿಗಳಲ್ಲಿ ಅದು 10, 20 ದಾಟುವುದುಂಟು. ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ಕರುಳಿಗೆ ಪಿತ್ತ ಇಳಿಯದಿರುವುದರಿಂದ ಮಲದ ಬಣ್ಣ ಮಾಸಿ ಜೇಡಿಮಣ್ಣಿನಂತಾಗುತ್ತದೆ. ಮೈಯೆಲ್ಲ ನವೆ, ರಾತ್ರಿ ನಿದ್ದೆ ಬಾರದಷ್ಟು ತುರಿಕೆ. ಕಡು ಮೂತ್ರ, ಬಿಳಿಚಿದ ಮಲ, ಮೈತುರಿಕೆ ಈ ಮೂರೂ ಒಟ್ಟಿಗಿದ್ದರೆ ದಾರಿ ಕಟ್ಟಿದೆಯೇ ಎಂದು ನೋಡಲೇಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಅದಕ್ಕೆ ಮೊದಲ ಪರೀಕ್ಷೆ. ನಾಳ ಹಿಗ್ಗಿದ್ದರೆ ಅದರಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತದೆ.

ಕಾಮಾಲೆಯ ರೋಗಿಗೆ ಶಸ್ತ್ರಚಿಕಿತ್ಸೆ ಎಂದರೆ ಒಂದು ಕಾಲದಲ್ಲಿ ನುರಿತ ಶಸ್ತ್ರವೈದ್ಯರೂ ಅಂಜುತ್ತಿದ್ದರು. ಅವರ ಮುಂದೆ ಮೂರು ಅಪಾಯಗಳಿದ್ದವು: ರಕ್ತಸ್ರಾವ, ಮೂತ್ರಪಿಂಡದ ಸೋಲು ಮತ್ತು ಸೋಂಕು. ಒಂದೊಂದನ್ನೂ ವೈದ್ಯಕೀಯ ಹೇಗೆ ಎದುರಿಸುತ್ತ ಬಂದಿತು ಎಂಬುದನ್ನು ತಿಳಿದರೆ ರೋಗನಿರೋಧಕ ಶಕ್ತಿಯ ಪ್ರಶ್ನೆ ಎಲ್ಲಿ ಬರುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ರಕ್ತಸ್ರಾವ. ಜರ್ಮನಿಯ ಶಸ್ತ್ರವೈದ್ಯ ವಾಲ್ಟರ್ ಕೌಶ್ ಬರ್ಲಿನ್‌ನಲ್ಲಿ 1909ರಲ್ಲಿ ಪಿತ್ತನಾಳದ ಬಾಯಲ್ಲಿದ್ದ ಗಡ್ಡೆಯನ್ನು ಪ್ಯಾಂಕ್ರಿಯಾಸಿನ ಭಾಗದ ಜೊತೆಗೆ ತೆಗೆದರು. ಆದರೆ ಒಂದೇ ಸಲಕ್ಕೆ ಅಲ್ಲ. ಮೊದಲು ಪಿತ್ತಕೋಶವನ್ನು ಕರುಳಿಗೆ ಜೋಡಿಸಿ ಪಿತ್ತ ಹರಿಯುವಂತೆ ಮಾಡಿದರು, ರೋಗಿ ಚೇತರಿಸಿಕೊಂಡ ಮೇಲೆ ಎರಡನೆಯ ಶಸ್ತ್ರಚಿಕಿತ್ಸೆ ಮಾಡಿದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವಿಧಾನವೂ ಎರಡು ಹಂತದ್ದೇ. ಇಂದಿಗೂ ಪ್ಯಾಂಕ್ರಿಯಾಸಿನ ತಲೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಿಪ್ಪಲ್ ಆಪರೇಷನ್ ಎಂದೇ ಕರೆಯುತ್ತೇವೆ. ಎರಡು ಹಂತ ಏಕೆ? ಕಾಮಾಲೆಯವರ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿ ಮುಗಿದಿದ್ದರೂ ಅನಂತರ ಒಳಗೆ ರಕ್ತ ಒಸರಿ ರೋಗಿ ತೀರಿಹೋಗುತ್ತಿದ್ದ.

ಇದರ ಗುಟ್ಟು ಬಿಡಿಸಿದ್ದು ಕೋಳಿಮರಿಗಳು. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್ ಕೊಬ್ಬಿಲ್ಲದ ಆಹಾರ ತಿಂದ ಮರಿಗಳಲ್ಲಿ ರಕ್ತ ಸೋರುವುದನ್ನು ಕಂಡು, ಕೊಬ್ಬಿನಲ್ಲಿ ಕರಗುವ ಒಂದು ಹೊಸ ಜೀವಸತ್ವದ ಕೊರತೆಯೇ ಅದಕ್ಕೆ ಕಾರಣವೆಂದು ತೋರಿಸಿದರು. ಅದೇ ಕೆ ಜೀವಸತ್ವ. ಅದರ ರಾಸಾಯನಿಕ ರಚನೆಯನ್ನು ಕಂಡುಹಿಡಿದ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೂ ಡ್ಯಾಮ್ ಅವರಿಗೂ 1943ರ ನೊಬೆಲ್ ಬಹುಮಾನ ಬಂತು. ಕೊಬ್ಬು ಜೀರ್ಣವಾಗಲು ಪಿತ್ತಲವಣ ಬೇಕು. ಪಿತ್ತ ಇಳಿಯದ ಕರುಳಿನಲ್ಲಿ ಕೊಬ್ಬೂ ಹೀರಲ್ಪಡುವುದಿಲ್ಲ, ಅದರಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ಹೀರಲ್ಪಡುವುದಿಲ್ಲ. ಕೆ ಇಲ್ಲದೆ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಸರಿಯಾಗಿ ತಯಾರಿಸಲಾರದು. 1930ರ ದಶಕ ಮುಗಿಯುವ ಹೊತ್ತಿಗೆ ಕಾಮಾಲೆಯ ರೋಗಿಗಳಿಗೆ ಕೆ ಜೀವಸತ್ವ ಕೊಡುವುದು ಶುರುವಾಯಿತು, ಒಂದೇ ಹಂತದ ಶಸ್ತ್ರಚಿಕಿತ್ಸೆಯ ದಾರಿ ತೆರೆಯಿತು. ಇಂದು ತಡೆ ಕಾಮಾಲೆಯಲ್ಲಿ ದಾಖಲಾದವರಿಗೆ ಕೆಲವು ದಿನ ಕೊಡುವ ಆ ಚಿಕ್ಕ ಚುಚ್ಚುಮದ್ದಿನ ಹಿಂದೆ ಇಷ್ಟು ದೊಡ್ಡ ಇತಿಹಾಸವಿದೆ.

ಎರಡನೆಯದು ಮೂತ್ರಪಿಂಡ. ಕಾಮಾಲೆಯ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಮೂತ್ರ ನಿಂತುಹೋಗುತ್ತದೆ ಎಂದು ಯುರೋಪಿನ ವೈದ್ಯರು 20ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ತಡೆ ಕಾಮಾಲೆಯಲ್ಲಿ ದೇಹದ ನೀರಿನಂಶ ಕುಗ್ಗಿರುತ್ತದೆ, ರಕ್ತದೊತ್ತಡ ಸ್ವಲ್ಪ ಇಳಿದರೂ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ರಕ್ತನಾಳದ ಮೂಲಕ ಸಾಕಷ್ಟು ದ್ರವ ಕೊಟ್ಟು, ಗಂಟೆಗಂಟೆಗೂ ಮೂತ್ರದ ಪ್ರಮಾಣ ಅಳೆದು ಈ ಅಪಾಯವನ್ನು ಬಹಳಷ್ಟು ತಗ್ಗಿಸಿದ್ದೇವೆ.

ಮೂರನೆಯದಾದ ಸೋಂಕು ಇಂದಿಗೂ ನಮ್ಮನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಅತ್ಯುತ್ತಮ ಆಂಟಿಬಯೋಟಿಕ್‌ಗಳಿದ್ದರೂ, ಸ್ವಚ್ಛವಾದ ಶಸ್ತ್ರಚಿಕಿತ್ಸಾ ಕೊಠಡಿಯಿದ್ದರೂ, ತಡೆ ಕಾಮಾಲೆಯವರಲ್ಲಿ ಗಾಯ ಕೀವಾಗುವುದು, ಹೊಟ್ಟೆಯೊಳಗೆ ಕೀವು ಕಟ್ಟುವುದು, ರಕ್ತಕ್ಕೆ ನಂಜೇರುವುದು ಉಳಿದವರಿಗಿಂತ ಹೆಚ್ಚು. ಇದಕ್ಕೆ ಕಾರಣ ಹುಡುಕುತ್ತ ಹೋದ ಸಂಶೋಧಕರಿಗೆ ತಿಳಿದುಬಂದದ್ದು ಇಷ್ಟು: ಪಿತ್ತ ಬರೀ ಜೀರ್ಣರಸವಲ್ಲ, ದೇಹದ ರಕ್ಷಣಾ ವ್ಯವಸ್ಥೆಯಲ್ಲಿ ಅದಕ್ಕೂ ಒಂದು ಕೆಲಸವಿದೆ. ಅದರ ಹರಿವು ನಿಂತರೆ ಕರುಳಿನಲ್ಲಿ, ಯಕೃತ್ತಿನಲ್ಲಿ, ರಕ್ತದಲ್ಲಿ ಈ ಮೂರು ಕಡೆ ರಕ್ಷಣೆ ಕುಸಿಯುತ್ತದೆ.

ಕರುಳಿನಿಂದ ಆರಂಭಿಸೋಣ. ನಮ್ಮ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಒಂದು ಗುಂಪಿನ ಹೊರಕವಚದಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇದೆ. ಪಿತ್ತಲವಣಗಳು ಬ್ಯಾಕ್ಟೀರಿಯಾಗಳು ಮಿತಿ ಮೀರಿ ಬೆಳೆಯದಂತೆ ತಡೆಯುತ್ತವೆ, ಎಂಡೋಟಾಕ್ಸಿನ್ ರಕ್ತಕ್ಕೆ ಸೇರುವುದನ್ನೂ ಕಡಿಮೆ ಮಾಡುತ್ತವೆ. ಕರುಳಿನ ಒಳಪದರ ಆರೋಗ್ಯವಾಗಿರುವುದಕ್ಕೂ ಪಿತ್ತದ ಹರಿವು ಬೇಕು. ಪಿತ್ತ ನಿಂತಾಗ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಒಳಪದರದ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಆಗ ಎಂಡೋಟಾಕ್ಸಿನ್ ಮತ್ತು ಕೆಲವೊಮ್ಮೆ ಜೀವಂತ ಬ್ಯಾಕ್ಟೀರಿಯಾಗಳೇ ಕರುಳಿನ ಗೋಡೆ ದಾಟಿ ಹತ್ತಿರದ ದುಗ್ಧಗ್ರಂಥಿಗಳಿಗೂ ರಕ್ತಕ್ಕೂ ನುಸುಳುತ್ತವೆ. ಪ್ರಯೋಗಾಲಯದಲ್ಲಿ ಇಲಿಗಳ ಪಿತ್ತನಾಳ ಕಟ್ಟಿ ನೋಡಿದಾಗ ಈ ನುಸುಳುವಿಕೆ ಸ್ಪಷ್ಟವಾಗಿ ಕಂಡಿದೆ.

ಕರುಳಿನಿಂದ ಬರುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತಿಗೆ ಹೋಗುತ್ತದೆ. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಈ ದಾರಿಯದೇ. ಅಲ್ಲಿ ಕುಪ್ಫರ್ ಕೋಶಗಳು ಎಂಬ ವಿಶೇಷ ಜೀವಕೋಶಗಳಿವೆ. ಜರ್ಮನಿಯ ಅಂಗರಚನಾ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ 1876ರಲ್ಲಿ ಇವನ್ನು ವರ್ಣಿಸಿದರು. ದೇಹದ ಅಂಗಾಂಶಗಳಲ್ಲಿ ನೆಲೆನಿಂತು ಬ್ಯಾಕ್ಟೀರಿಯಾಗಳನ್ನು ನುಂಗಿಹಾಕುವ ಜೀವಕೋಶಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚಿನವು ಯಕೃತ್ತಿನಲ್ಲೇ ಇವೆ. ಆರೋಗ್ಯವಂತರಲ್ಲಿ ಕರುಳಿನಿಂದ ಬಂದ ಅಲ್ಪಸ್ವಲ್ಪ ವಿಷವನ್ನು ಇವು ಅಲ್ಲೇ ನುಂಗಿ ಮುಗಿಸುತ್ತವೆ. ಪಿತ್ತ ಕಟ್ಟಿಕೊಂಡ ಯಕೃತ್ತಿನಲ್ಲಿ ಕುಪ್ಫರ್ ಕೋಶಗಳ ನುಂಗುವ ಶಕ್ತಿ ಕುಗ್ಗುತ್ತದೆ. ಕರುಳಿನಿಂದ ಬರುವ ವಿಷ ಹೆಚ್ಚುತ್ತಿರುವ ಹೊತ್ತಿನಲ್ಲೇ ಅದನ್ನು ತಡೆಯುವ ಶಕ್ತಿ ತಗ್ಗುತ್ತದೆ. ಅಲ್ಲಿ ತಡೆಯಲಾಗದೆ ಉಳಿದ ಎಂಡೋಟಾಕ್ಸಿನ್ ಇಡೀ ದೇಹಕ್ಕೆ ಹರಡುತ್ತದೆ.

ಮುಂದಿನ ಪರಿಣಾಮ ರಕ್ತದಲ್ಲಿ. ಹರಿದಾಡುವ ಎಂಡೋಟಾಕ್ಸಿನ್ ಬಿಳಿ ರಕ್ತಕಣಗಳನ್ನು ಸದಾ ಕೆರಳಿಸುತ್ತಿರುತ್ತದೆ. ಉರಿಯೂತ ಹುಟ್ಟಿಸುವ ರಾಸಾಯನಿಕಗಳು ರಕ್ತದಲ್ಲಿ ಏರುತ್ತವೆ. ಹೀಗೆ ವಾರಗಟ್ಟಲೆ ಕೆರಳಿದ ಕಣಗಳು ನಿಜವಾದ ಸೋಂಕು ಬಂದಾಗ ತಕ್ಕಂತೆ ಎದುರು ನಿಲ್ಲಲಾರವು. ರಕ್ಷಣೆಯನ್ನು ಸಂಘಟಿಸುವ ಟಿ ಲಿಂಫೋಸೈಟುಗಳು ಸರಿಯಾಗಿ ವೃದ್ಧಿಯಾಗುವುದಿಲ್ಲ. ವೈದ್ಯರು ಇದನ್ನು ಚರ್ಮದ ಪರೀಕ್ಷೆಯಿಂದಲೂ ಕಂಡಿದ್ದಾರೆ. ಹಿಂದೆ ದೇಹಕ್ಕೆ ಪರಿಚಯವಾದ ರೋಗಾಣುವಿನ ಅಂಶವನ್ನು ಚರ್ಮದೊಳಗೆ ಚುಚ್ಚಿದರೆ ಆರೋಗ್ಯವಂತರಲ್ಲಿ ಎರಡು ದಿನದೊಳಗೆ ಗಂಟು ಏಳುತ್ತದೆ. ತಡೆ ಕಾಮಾಲೆಯವರಲ್ಲಿ ಬಹಳ ಮಂದಿಗೆ ಅದು ಏಳುವುದಿಲ್ಲ, ಎದ್ದರೂ ತೀರ ಚಿಕ್ಕದು. ಅಂದರೆ ದೇಹ ತನ್ನ ಹಳೆಯ ಶತ್ರುವಿಗೂ ತಕ್ಕ ಉತ್ತರ ಕೊಡುತ್ತಿಲ್ಲ ಎಂದರ್ಥ. ಇದರ ಜೊತೆಗೆ ಗಾಯ ಮಾಗುವುದೂ ನಿಧಾನ. ಊಟ ಸೇರದೆ, ಸೇರಿದ್ದೂ ಸರಿಯಾಗಿ ಜೀರ್ಣವಾಗದೆ ಸೊರಗಿದ ದೇಹಕ್ಕೆ ಹೊಸ ಬಿಳಿ ಕಣ ತಯಾರಿಸಲು, ಗಾಯ ಕೂಡಿಸಲು ಬೇಕಾದ ಪ್ರೋಟೀನೂ ಇರುವುದಿಲ್ಲ.

ಇವೆಲ್ಲವೂ ಸೇರಿದಾಗ ಏನಾಗಬಹುದು ಎಂಬುದಕ್ಕೆ ಒಂದು ಹಳೆಯ ಅಧ್ಯಯನ ನೆನಪಿಸಿಕೊಳ್ಳುತ್ತೇನೆ. 1983ರಲ್ಲಿ ಬ್ರಿಟನ್ನಿನ ವೈದ್ಯರು ತಡೆ ಕಾಮಾಲೆಗೆ ಶಸ್ತ್ರಚಿಕಿತ್ಸೆಯಾದ 373 ರೋಗಿಗಳ ದಾಖಲೆ ಪರಿಶೀಲಿಸಿದರು. ತೀವ್ರ ರಕ್ತಹೀನತೆ, ಬಿಲಿರುಬಿನ್ ಸುಮಾರು 12 ಮಿಲಿಗ್ರಾಂ ಮೀರಿರುವುದು, ತಡೆಗೆ ಕ್ಯಾನ್ಸರ್ ಕಾರಣವಾಗಿರುವುದು, ಈ ಮೂರೂ ಇದ್ದವರಲ್ಲಿ ಶೇಕಡ 60 ಮಂದಿ ತೀರಿಕೊಂಡಿದ್ದರು. ಮೂರೂ ಇಲ್ಲದವರಲ್ಲಿ ಅದು ಶೇಕಡ 5 ಮಾತ್ರ. ಇಂದಿನ ಆಸ್ಪತ್ರೆಗಳಲ್ಲಿ ಪರಿಸ್ಥಿತಿ ಇದಕ್ಕಿಂತ ಬಹಳ ಉತ್ತಮವಾಗಿದೆ. ಆದರೂ ಆ ಅಧ್ಯಯನದ ಪಾಠ ಹಳತಾಗಿಲ್ಲ. ಅದೇ ರೋಗ, ಅದೇ ಶಸ್ತ್ರಚಿಕಿತ್ಸೆ. ರೋಗಿ ಯಾವ ಸ್ಥಿತಿಯಲ್ಲಿ ಮೇಜಿನ ಮೇಲೆ ಮಲಗುತ್ತಾನೆ ಎಂಬುದರ ಮೇಲೆ ಫಲ ಬದಲಾಗುತ್ತದೆ.

ಹಾಗಾದರೆ ಮೊದಲು ಪಿತ್ತ ಹೊರಹರಿಯುವಂತೆ ಮಾಡಿ, ಹಳದಿ ಇಳಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಕೌಶ್, ವಿಪ್ಪಲ್ ಅವರೂ ಹಾಗೆಯೇ ಯೋಚಿಸಿದ್ದರು. 1970ರ ದಶಕದಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಬಾಯನ್ನು ಬಿಡಿಸುವ ವಿಧಾನ ಜರ್ಮನಿಯಲ್ಲೂ ಜಪಾನಿನಲ್ಲೂ ಬೆಳೆಯಿತು. ಆ ದಶಕದ ಕೊನೆಗೆ ನಾಳದೊಳಗೆ ಸ್ಟೆಂಟ್ ಎಂಬ ಚಿಕ್ಕ ಕೊಳವೆ ಇರಿಸಲೂ ಸಾಧ್ಯವಾಯಿತು. ಹೊಟ್ಟೆ ಕೊಯ್ಯದೆ ಹಳದಿ ಇಳಿಸುವ ದಾರಿ ಸಿಕ್ಕಿತು. ಇಲಿಗಳ ಮೇಲಿನ ಪ್ರಯೋಗಗಳೂ ಆಶಾದಾಯಕವಾಗಿದ್ದವು. ಪಿತ್ತ ಮತ್ತೆ ಕರುಳಿಗೆ ಹರಿದಾಗ ಕುಪ್ಫರ್ ಕೋಶಗಳ ಶಕ್ತಿ, ಟಿ ಕಣಗಳ ಶಕ್ತಿ ನಿಧಾನವಾಗಿ ಮರಳಿದವು. ಪಿತ್ತವನ್ನು ಚೀಲದೊಳಗೆ ಹೊರಕ್ಕೆ ಹರಿಸಿದಾಗ ಹಳದಿ ಇಳಿದರೂ ರಕ್ಷಣೆ ಅಷ್ಟಾಗಿ ಚೇತರಿಸಲಿಲ್ಲ. ಪಿತ್ತ ಕರುಳಿಗೇ ಸೇರಬೇಕು ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಕಾಲದ ಲೆಕ್ಕ ಮುಖ್ಯ. ಹೂಳು ತುಂಬಿದ ಕೆರೆಯ ತೂಬು ಬಿಡಿಸಿದರೆ ನೀರು ಅದೇ ಗಳಿಗೆಯಲ್ಲಿ ಕಾಲುವೆಗೆ ಹರಿಯುತ್ತದೆ, ಆದರೆ ಬಾಡಿದ ಪೈರು ಅದೇ ದಿನ ಹಸಿರಾಗುವುದಿಲ್ಲ. ಸ್ಟೆಂಟ್ ಹಾಕಿದ ಕೆಲವೇ ದಿನಗಳಲ್ಲಿ ಬಿಲಿರುಬಿನ್ ಇಳಿಯತೊಡಗುತ್ತದೆ. ಯಕೃತ್ತು, ಕರುಳು, ಬಿಳಿ ಕಣಗಳು ಸುಧಾರಿಸಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಒಂದು ವಾರ ಸ್ಟೆಂಟ್ ಇಟ್ಟು, ವರದಿಯಲ್ಲಿ ಅಂಕಿ ಇಳಿದದ್ದನ್ನು ನೋಡಿ ಶಸ್ತ್ರಚಿಕಿತ್ಸೆಗೆ ಹೋದರೆ ರಕ್ಷಣೆ ಮರಳಿರುವುದಿಲ್ಲ, ಸ್ಟೆಂಟಿನ ಅಪಾಯಗಳು ಮಾತ್ರ ಜೊತೆಗೆ ಬಂದಿರುತ್ತವೆ.

ಆ ಅಪಾಯಗಳು ಕಡಿಮೆಯವಲ್ಲ. ಕಟ್ಟಿದ ನಾಳದೊಳಗಿನ ಪಿತ್ತದಲ್ಲಿ ಕೀಟಾಣುಗಳಿಲ್ಲದಿದ್ದರೂ, ಕರುಳಿನಿಂದ ಮೇಲೇರುವ ಕೊಳವೆ ಅವುಗಳಿಗೆ ದಾರಿಯಾಗುತ್ತದೆ. ಕೊಳವೆ ಕಟ್ಟಿಕೊಂಡರೆ ನಾಳದಲ್ಲಿ ಸೋಂಕು ಏಳುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು ಈ ಪ್ರಶ್ನೆಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಪ್ಯಾಂಕ್ರಿಯಾಸಿನ ತಲೆಯ ಗಡ್ಡೆಯಿಂದ ಕಾಮಾಲೆಯಾದ, ಬಿಲಿರುಬಿನ್ ಸುಮಾರು 2.3ರಿಂದ 14.6 ಮಿಲಿಗ್ರಾಂ ಇದ್ದ 202 ರೋಗಿಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೋಗ ಪತ್ತೆಯಾದ ಒಂದು ವಾರದೊಳಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸ್ಟೆಂಟ್ ಹಾಕಿ ನಾಲ್ಕರಿಂದ ಆರು ವಾರ ಕಾದು ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕದ ರೂಢಿಯನ್ನೇ ಬದಲಿಸಿತು. ಬೇಗ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡ 39 ಮಂದಿಗೆ ಗಂಭೀರ ತೊಡಕುಗಳಾದವು. ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇಕಡ 74 ಮಂದಿಗೆ. ಸಾವಿನ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆ ಅಧ್ಯಯನದಲ್ಲಿ ಬಳಸಿದ್ದು ಪ್ಲಾಸ್ಟಿಕ್ ಸ್ಟೆಂಟ್. ಲೋಹದ ಸ್ಟೆಂಟುಗಳು ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ ಎಂಬುದು ನಿಜ. ಆದರೂ ಕಾಮಾಲೆ ಇದೆ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಸ್ಟೆಂಟ್ ಬೇಡ ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು.

ಹಾಗಿದ್ದರೆ ಸ್ಟೆಂಟ್ ಯಾರಿಗೆ ಬೇಕು? ಪಿತ್ತನಾಳದಲ್ಲಿ ಸೋಂಕು ಎದ್ದು ಚಳಿಜ್ವರ ಬರುತ್ತಿರುವವರಿಗೆ ಬೇಕು, ಅದೂ ತುರ್ತಾಗಿ. ಬಿಲಿರುಬಿನ್ 15 ಮಿಲಿಗ್ರಾಂ ದಾಟಿ ಬಹಳ ಏರಿದವರಿಗೆ, ಮೂತ್ರಪಿಂಡ ಸೋಲುತ್ತಿರುವವರಿಗೆ, ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋಥೆರಪಿ ಬೇಕಾದವರಿಗೆ, ತೀರ ಬಡಕಲಾಗಿ ಮೊದಲು ಪೌಷ್ಟಿಕತೆ ಸುಧಾರಿಸಬೇಕಾದವರಿಗೆ ಬೇಕಾಗಬಹುದು. ತಡೆ ಯಕೃತ್ತಿನ ಬಾಗಿಲಿನಲ್ಲೇ ಇದ್ದು ಯಕೃತ್ತಿನ ದೊಡ್ಡ ಭಾಗ ತೆಗೆಯಬೇಕಾದವರಿಗೂ, ಉಳಿಯುವ ಭಾಗ ಸುಧಾರಿಸಲೆಂದು ಪಿತ್ತ ಹರಿಸುತ್ತೇವೆ. ಉಳಿದವರಿಗೆ ಬೇಗ ಶಸ್ತ್ರಚಿಕಿತ್ಸೆಯೇ ಒಳ್ಳೆಯದು. ಆದ್ದರಿಂದ ನಿಮ್ಮ ಮನೆಯ ರೋಗಿಗೆ ವೈದ್ಯರು, "ಹಳದಿ ಇಳಿಯುವವರೆಗೆ ಕಾಯುವುದು ಬೇಡ, ಈ ವಾರವೇ ಆಪರೇಷನ್ ಮಾಡೋಣ" ಎಂದರೆ ಅದು ಆತುರವಲ್ಲ. "ಸ್ಟೆಂಟ್ ಹಾಕಿ ಒಂದು ತಿಂಗಳು ಕಾಯೋಣ" ಎಂದರೆ ಅದು ಕಾಲಹರಣವೂ ಅಲ್ಲ. ಯಾವುದು, ಏಕೆ ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ದಯವಿಟ್ಟು ಕೇಳಿ.

ಇನ್ನು ರೋಗಿಯೂ ಮನೆಯವರೂ ಮಾಡಬಹುದಾದ ಕೆಲಸಗಳು. ಮೊದಲನೆಯದು ಬೇಗ ಬರುವುದು. ತಡೆ ಕಾಮಾಲೆಯಲ್ಲಿ ಕಳೆದುಹೋದ ಒಂದೊಂದು ವಾರವೂ ರಕ್ಷಣಾಶಕ್ತಿಯನ್ನು ಕುಗ್ಗಿಸುತ್ತದೆ. ನಾಟಿ ಔಷಧಿಯಲ್ಲಿ ಒಂದು ತಿಂಗಳು ಕಳೆದು, ಸೊರಗಿ, ಜ್ವರ ಬಂದ ಮೇಲೆ ಆಸ್ಪತ್ರೆಗೆ ಬರುವ ರೋಗಿಗಳನ್ನು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ. ಕಾಮಾಲೆಗೆಂದು ಕೈಗೆ, ಹೊಟ್ಟೆಗೆ ಬರೆ ಹಾಕಿಸಿಕೊಂಡು ಬರುವವರು ಇಂದಿಗೂ ಇದ್ದಾರೆ. ಸೋಂಕು ತಡೆಯಲಾರದ ದೇಹದ ಮೇಲೆ ಸುಟ್ಟ ಗಾಯ ಮಾಡುವುದು ಎಷ್ಟು ಅಪಾಯ ಎಂಬುದು ಇಷ್ಟು ಹೊತ್ತು ಕೇಳಿದ ನಿಮಗೆ ಅರ್ಥವಾಗುತ್ತದೆ. ಈ ಕೆಲಸ ಬೇಡವೇ ಬೇಡ. ಕಾಮಾಲೆ ಕಂಡ ಮೊದಲ ವಾರದಲ್ಲೇ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸಿ.

ಎರಡನೆಯದು ಚಳಿಜ್ವರದ ಎಚ್ಚರ. ಹೊಟ್ಟೆನೋವು, ನಡುಕದ ಜ್ವರ, ಕಾಮಾಲೆ ಈ ಮೂರೂ ಸೇರಿದರೆ ಪಿತ್ತನಾಳದ ಸೋಂಕು ಎಂದು ಫ್ರಾನ್ಸಿನ ವೈದ್ಯ ಶಾರ್ಕೊ 1877ರಲ್ಲೇ ವಿವರಿಸಿದ್ದರು. ಇವುಗಳ ಜೊತೆಗೆ ರಕ್ತದೊತ್ತಡ ಕುಸಿದರೆ, ರೋಗಿಗೆ ಮಂಪರು ಕವಿದರೆ, ಪ್ರಾಣಕ್ಕೇ ಅಪಾಯ. ಬೆಳಗಾಗಲಿ ಎಂದು ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರಿಗೂ ಇದೇ ಮಾತು. ಅವರಿಗೆ ಚಳಿಜ್ವರ ಬಂದರೆ ಕೊಳವೆ ಕಟ್ಟಿರಬಹುದು.

ಮೂರನೆಯದು ಊಟ. ನಮ್ಮ ಕಾಮಾಲೆ ಪಥ್ಯ ಈ ರೋಗಿಗಳಿಗೆ ಹಾನಿ ಮಾಡುತ್ತದೆ. ಕರಿದ ತಿಂಡಿ, ಹೆಚ್ಚು ಎಣ್ಣೆ ಜೀರ್ಣವಾಗುವುದಿಲ್ಲ ಎಂಬುದು ಸರಿ. ಆದರೆ ಬೇಳೆ, ಮೊಸರು, ಮೊಟ್ಟೆ, ಮೀನು ಬಿಡಿಸಿ ಬರೀ ಗಂಜಿಯಲ್ಲಿ ಇಟ್ಟರೆ ರಕ್ಷಣೆಗೆ ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ದೊಡ್ಡ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುವವರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ಹಸಿವು ಕಡಿಮೆ ಇರುವುದರಿಂದ ಎರಡು ಹೊತ್ತಿನ ದೊಡ್ಡ ಊಟಕ್ಕಿಂತ ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಿ. ಇಡ್ಲಿ, ಹೆಸರುಬೇಳೆ ಕಿಚಡಿ, ರಾಗಿ ಅಂಬಲಿಗೆ ಮೊಸರು, ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಬೇಯಿಸಿದ ಮೀನು. ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಿ. ಬಾಯಲ್ಲಿ ತಿನ್ನಲು ಆಗದವರಿಗೆ ಮೂಗಿನ ಕೊಳವೆಯ ಮೂಲಕ ಆಹಾರ ಕೊಡಬೇಕು ಎಂದು ವೈದ್ಯರು ಹೇಳಿದರೆ ಒಪ್ಪಿಕೊಳ್ಳಿ. ಕರುಳಿಗೆ ಆಹಾರ ಬೀಳುತ್ತಿದ್ದರೆ ಅದರ ಒಳಪದರವೂ ಗಟ್ಟಿಯಾಗಿರುತ್ತದೆ.

ನಾಲ್ಕನೆಯದು ನೀರು ಮತ್ತು ಮಾತ್ರೆ. ದಿನಪೂರ್ತಿ ಉಪವಾಸ ಮಾಡಿಸಬೇಡಿ, ನೀರು, ಎಳನೀರು, ಮಜ್ಜಿಗೆ ತಪ್ಪಿಸಬೇಡಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಬೇಡಿ, ಒಣಗಿದ ಮೂತ್ರಪಿಂಡಕ್ಕೆ ಅದು ಪೆಟ್ಟು ಕೊಡುತ್ತದೆ. ಬೀಡಿ, ಸಿಗರೇಟು, ಮದ್ಯ ಕೂಡಲೇ ನಿಲ್ಲಿಸಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ, ಏರಿದ ಸಕ್ಕರೆ ಬಿಳಿ ಕಣಗಳನ್ನು ಇನ್ನಷ್ಟು ದುರ್ಬಲಗೊಳಿಸುತ್ತದೆ. ದಿನವೂ ಸ್ವಲ್ಪ ನಡೆಯಿರಿ, ದೀರ್ಘವಾಗಿ ಉಸಿರೆಳೆಯುವ ಅಭ್ಯಾಸ ಮಾಡಿ.

ಆಸ್ಪತ್ರೆಯಲ್ಲಿ ನಾವು ಮಾಡುವ ಸಿದ್ಧತೆಯೂ ಇದೇ ಗುರಿಯದು. ಕೆ ಜೀವಸತ್ವದ ಚುಚ್ಚುಮದ್ದು, ದ್ರವ, ಬೇಕಾದಲ್ಲಿ ರಕ್ತ, ಕೊಯ್ಯುವುದಕ್ಕೆ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್. ಇವನ್ನೆಲ್ಲ ಮಾಡಲು ಒಂದೆರಡು ದಿನ ಹೆಚ್ಚು ಹಿಡಿದರೆ ಬೇಸರಪಡಬೇಡಿ, ಆ ದಿನಗಳೂ ಚಿಕಿತ್ಸೆಯ ಭಾಗವೇ. ಖರ್ಚಿನ ಅಂಜಿಕೆ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ದುಡ್ಡಿನ ಚಿಂತೆಯಲ್ಲಿ ವಾರಗಳು ಕಳೆಯುವುದು ಬೇಡ.

ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಕಣ್ಣು ಹಳದಿಯಾಗಿಯೇ ಉಳಿಯಬಹುದು. ಬಿಲಿರುಬಿನ್‌ನ ಒಂದು ಪಾಲು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಅರ್ಧದಷ್ಟು ಕರಗಲು ಸುಮಾರು 20 ದಿನ ಬೇಕು, ಅಲ್ಲಿಯವರೆಗೆ ಹಳದಿಯೂ ನಿಧಾನವಾಗಿಯೇ ಇಳಿಯುತ್ತದೆ. ಮಲ ಮತ್ತೆ ಬಣ್ಣಕ್ಕೆ ಬಂದಿದೆಯೇ, ತುರಿಕೆ ನಿಂತಿದೆಯೇ, ಜ್ವರವಿಲ್ಲವೇ, ಊಟ ಸೇರುತ್ತಿದೆಯೇ ಎಂದು ನೋಡಿ. ಇವು ಸರಿಯಿದ್ದರೆ ಹಳದಿಯ ಬಗ್ಗೆ ಆತಂಕ ಬೇಡ. ಅಂಥ ಹೊತ್ತಿನಲ್ಲಿ ಧೈರ್ಯಗೆಟ್ಟು ಮತ್ತೆ ಪಥ್ಯಕ್ಕೆ, ನಾಟಿ ಔಷಧಿಗೆ ಮರಳಬೇಡಿ.

ಕೇಳುಗರೇ, ಪಿತ್ತನಾಳದ ತಡೆ ಬಿಡಿಸುವುದು ಶಸ್ತ್ರವೈದ್ಯರ ಕೆಲಸ. ಆ ಚಿಕಿತ್ಸೆಯನ್ನು ತಾಳಿಕೊಳ್ಳುವಂತೆ ದೇಹವನ್ನು ಸಿದ್ಧಗೊಳಿಸುವುದು ರೋಗಿ, ಮನೆಯವರು, ದಾದಿಯರು, ವೈದ್ಯರು ಎಲ್ಲರೂ ಸೇರಿ ಮಾಡುವ ಕೆಲಸ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾಗಿ, ಮಲ ಬಿಳಿಚಿ, ಮೈ ತುರಿಸುತ್ತಿದ್ದರೆ ನಾಳೆ ಎನ್ನದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸೋಂಕು ತಗಲುವ ಮುನ್ನ, ಮೈ ಸೊರಗುವ ಮುನ್ನ ಬಂದ ರೋಗಿಗೆ ನಾವು ಮಾಡಬಹುದಾದದ್ದು ಬಹಳ ಇದೆ.